ಓದುವ ತೊಡಕಿರುವ ಮಕ್ಕಳಿಗೆ ಕನ್ನಡ ಪಾಠ ಓದಿ ಹೇಳುವ ತಂತ್ರಾಂಶ ಯಾವುದು?

ಶಿಕ್ಷಕಿ, ಗಂಗಾವತಿ:
ನಮ್ಮ ಏಳನೇ ತರಗತಿಯ ಹುಡುಗನೊಬ್ಬ ಪಾಠ ಕೇಳಿಸಿಕೊಂಡರೆ ಪ್ರಶ್ನೆಗಳಿಗೆ ಬಾಯಲ್ಲಿ ಸೊಗಸಾಗಿ ಉತ್ತರಿಸುತ್ತಾನೆ. ಅದೇ ಪಾಠವನ್ನು ಓದಲು ಕೊಟ್ಟರೆ ಒತ್ತಕ್ಷರ ಬಂದಲ್ಲೆಲ್ಲ ತಡೆದು ನಿಲ್ಲುತ್ತಾನೆ, ಬರೆಯುವಾಗ ದೀರ್ಘಗಳನ್ನೂ ಒತ್ತುಗಳನ್ನೂ ಬಿಡುತ್ತಾನೆ. ಮಂದದೃಷ್ಟಿಯ ಹುಡುಗಿಯೊಬ್ಬಳೂ ಇದ್ದಾಳೆ. ನಮ್ಮಲ್ಲಿರುವುದು ಹಳೆಯದೊಂದು ಕಂಪ್ಯೂಟರ್ ಮತ್ತು ನನ್ನ ಆಂಡ್ರಾಯ್ಡ್ ಮೊಬೈಲ್. ಕನ್ನಡ ಓದಬಲ್ಲ ಉಚಿತ ತಂತ್ರಾಂಶ ಯಾವುದಿದೆ? ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬರೆದ ಟಿಪ್ಪಣಿಯನ್ನು ಓದಿಸಲು ನೋಡಿದೆ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕೇಳಿಸಿದವು.

ಸಂಪನ್ಮೂಲ ಶಿಕ್ಷಕ, ಸಿಂಧನೂರು:
ಮೇಡಂ, ತೊಂದರೆ ಇರುವುದು ತಂತ್ರಾಂಶದಲ್ಲಲ್ಲ, ಟಿಪ್ಪಣಿಯಲ್ಲಿ. ನುಡಿಯ ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸುತ್ತವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ಇಂಗ್ಲಿಷೇ. ಒಂದು ಸಾಲನ್ನು ನಕಲಿಸಿ ವಾಟ್ಸಾಪಿನಲ್ಲಿ ಅಂಟಿಸಿ ನೋಡಿರಿ: ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ವ್ಯವಸ್ಥೆ; ಅದನ್ನು ಓದಿಸಬಹುದು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ತಪ್ಪದೆ ಪರಿಶೀಲಿಸಬೇಕು, ಏಕೆಂದರೆ ಈ ಹುಡುಗ ಎಡವುವುದೂ ಅಲ್ಲಿಯೇ.

ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತೆರೆ ಓದುಗ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಇದೆ. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡ ಓದುತ್ತದೆ. ಯಾಂತ್ರಿಕ ಧ್ವನಿಯಾದ್ದರಿಂದ ಹುಡುಗಿಗೆ ಅಭ್ಯಾಸವಾಗಲು ಸಮಯ ಕೊಡಿ. ಹುಡುಗನಿಗೆ ಮಾತ್ರ ಅದು ಬೇಡ. ಪರದೆಯ ಮೇಲಿನ ಗುಂಡಿ, ಪಟ್ಟಿಗಳನ್ನೆಲ್ಲ ಓದುತ್ತ ಹೋಗುವ ಸಾಧನ ಅಕ್ಷರ ಕಾಣುವ ಮಗುವಿನ ಗಮನ ಕೆಡಿಸುತ್ತದೆ. ಆಂಡ್ರಾಯ್ಡಿನ ‘ಸೆಲೆಕ್ಟ್ ಟು ಸ್ಪೀಕ್’ ಸೌಲಭ್ಯ ಮುಟ್ಟಿದ ಭಾಗವನ್ನಷ್ಟೇ ಓದುತ್ತದೆ. ವೇಗ ತಗ್ಗಿಸಿ, ಕೇಳುತ್ತಿರುವ ಸಾಲಿನ ಮೇಲೆ ಅವನ ಬೆರಳು ಸಾಗುವಂತೆ ನೋಡಿಕೊಳ್ಳಿ.

ಪೋಷಕರು, ಸಿರುಗುಪ್ಪ:
ಬರವಣಿಗೆಯ ಬಗ್ಗೆ ನನ್ನ ಮಗಳ ಅನುಭವ ಹೇಳುತ್ತೇನೆ. ಅವಳು ಮೊಬೈಲಿನ ಗೂಗಲ್ ಕೀಲಿಮಣೆಯಾದ ಜಿಬೋರ್ಡಿನ ಕನ್ನಡ ಧ್ವನಿ ಬೆರಳಚ್ಚಿನಲ್ಲಿ ಉತ್ತರ ಹೇಳುತ್ತಾಳೆ. ನಮ್ಮ ಕಡೆಯ ಮಾತನ್ನು ಅದು ಹಲವು ಸಲ ತಪ್ಪಾಗಿ ಗ್ರಹಿಸುತ್ತದೆ, ಪೂರ್ಣವಿರಾಮವನ್ನೂ ನಾವೇ ಹಾಕಬೇಕಾಗುತ್ತದೆ. ಆದರೂ ಕಾಗುಣಿತದ ಭಯದಿಂದ ಎರಡೇ ಪದಗಳಲ್ಲಿ ಉತ್ತರ ಮುಗಿಸುತ್ತಿದ್ದವಳು ಈಗ ತನಗೆ ತಿಳಿದದ್ದನ್ನೆಲ್ಲ ಹೇಳುತ್ತಾಳೆ. ಆಮೇಲೆ ಆ ಬರಹವನ್ನು ಮೊಬೈಲಿನಿಂದಲೇ ಓದಿಸಿ ಕೇಳಿ, ತಪ್ಪನ್ನು ತಾನೇ ಹಿಡಿಯುತ್ತಾಳೆ. ಕೈಬರಹದ ಅಭ್ಯಾಸವನ್ನು ನಾವು ಬಿಡಿಸಿಲ್ಲ.

ಶಿಕ್ಷಕಿ, ಗಂಗಾವತಿ:
ಇಬ್ಬರಿಗೂ ಧನ್ಯವಾದಗಳು. ಪರೀಕ್ಷೆಯಲ್ಲಿ ಇದೆಲ್ಲ ಸಿಗದಿದ್ದರೆ ಹುಡುಗ ಏನು ಮಾಡಬೇಕು?

ಸಂಪನ್ಮೂಲ ಶಿಕ್ಷಕ, ಸಿಂಧನೂರು:
2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ, ಓದು ಬರಹದಲ್ಲಿ ಇಂಥ ತೊಡಕು ತರುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದರ 17ನೇ ಕಲಮು ಹೆಚ್ಚುವರಿ ಸಮಯ ಮತ್ತು ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವ ಬರಹಗಾರರ ನೆರವನ್ನು ಹೆಸರಿಸಿಯೇ ಹೇಳುತ್ತದೆ. ಇದಕ್ಕೆ ಪ್ರಮಾಣಪತ್ರ ಬೇಕಾಗುವುದರಿಂದ, ಹತ್ತನೇ ತರಗತಿಯವರೆಗೆ ಕಾಯದೆ ಈ ವರ್ಷವೇ ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಮೂಲಕ ಮೌಲ್ಯಾಂಕನಕ್ಕೆ ಕಳುಹಿಸಿರಿ. ಬರಹಗಾರರಿಗೆ ಉತ್ತರ ಹೇಳಿ ಬರೆಸುವುದೂ ರೂಢಿಯಾಗಬೇಕಾದ ಕೆಲಸ. ಶಾಲೆಯ ಕಿರುಪರೀಕ್ಷೆಗಳಲ್ಲಿಯೇ ಅದನ್ನು ಆರಂಭಿಸಬಹುದು.