ಚಿಗರಿ ಬಸ್ಸಿನಲ್ಲಿ ಜಾಝ್ ಕೇಳುತ್ತಿದ್ದೇನೆ, ಸಮ್ ಮಾತ್ರ ಸಿಗುತ್ತಿಲ್ಲ

ಮಾಳಮಡ್ಡಿ ತಬಲಾ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಓದಿ.

ನಾನು ಧಾರವಾಡದವನು, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಒಂಬತ್ತು ವರ್ಷ ತಬಲಾ ಕಲಿತಿದ್ದೇನೆ, ಈಗಲೂ ಭಾನುವಾರ ಗುರುಗಳ ಮನೆಗೆ ಹೋಗುವುದು ತಪ್ಪಿಸಿಲ್ಲ. ಮನೆಯಲ್ಲಿ ಬೆಳಿಗ್ಗೆ ಎದ್ದರೆ ಮಲ್ಲಿಕಾರ್ಜುನ ಮನ್ಸೂರರು, ರಾತ್ರಿ ಊಟ ಆದಮೇಲೆ ಬಸವರಾಜ ರಾಜಗುರುಗಳು. ಹಾಗೆ ಬೆಳೆದ ಕಿವಿ ಇದು.

ಹೋದ ತಿಂಗಳು ಆಫೀಸಿನ ಗೆಳೆಯ ಬಸ್ಸಿನಲ್ಲಿ ತನ್ನ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಇಟ್ಟ. ಲಂಡನ್ನಿನ ಸನ್ಸ್ ಆಫ್ ಕೆಮೆಟ್ ಅನ್ನುವ ತಂಡ. ಒಂದು ಸ್ಯಾಕ್ಸೊಫೋನ್, ಒಂದು ಟ್ಯೂಬಾ, ಡ್ರಮ್ ನುಡಿಸುವವರು ಇಬ್ಬರು. ಅಷ್ಟೇ. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ನವಲೂರು ದಾಟುವಷ್ಟರಲ್ಲಿ ನನ್ನ ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ತಾನಾಗಿಯೇ ಆಡುತ್ತಿತ್ತು. ಅವತ್ತಿನಿಂದ ಹುಚ್ಚು ಹಿಡಿದಿದೆ.

ಆದರೆ ಬೇರೆ ಬೇರೆ ಜಾಝ್ ಕೇಳಲು ಹೋದರೆ ದಾರಿ ತಪ್ಪುತ್ತೇನೆ. ಮೊದಲ ಒಂದು ನಿಮಿಷ ಒಂದು ಧಾಟಿ ಬರುತ್ತದೆ, ಚೆನ್ನಾಗಿರುತ್ತದೆ. ಆಮೇಲೆ ಸ್ಯಾಕ್ಸೊಫೋನಿನವರು ಎಲ್ಲಿಗೋ ಹೊರಟುಹೋಗುತ್ತಾರೆ. ಐದಾರು ನಿಮಿಷ ಬಿಟ್ಟು ಎಲ್ಲರೂ ಒಂದೇ ಏಟಿಗೆ ಅದೇ ಧಾಟಿಗೆ ಬಂದು ಸೇರುತ್ತಾರೆ. ನಡುವೆ ಏನಾಯಿತು? ಎಲ್ಲಿ ಬಂದು ಸೇರಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ? ತಬಲಾ ಹಿಡಿದವನಿಗೆ ಸಮ್, ಅಂದರೆ ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆ, ಎಲ್ಲಿದೆ ಅಂತ ತಿಳಿಯದಿದ್ದರೆ ಕೂತಲ್ಲಿ ಕೂರಲು ಆಗುವುದಿಲ್ಲ, ನಿಮಗೂ ಗೊತ್ತಲ್ವಾ.

ಇದನ್ನು ಹೇಗೆ ಕೇಳಬೇಕು ಅಂತ ಯಾರಾದರೂ ಹೇಳಿಕೊಡಿ. ಮತ್ತೆ ಈಗಿನವರಲ್ಲಿ ಯಾರನ್ನು ಕೇಳಲಿ? ಹಳಬರ ಹೆಸರು ಎಲ್ಲ ಕಡೆ ಸಿಗುತ್ತವೆ. ಇವತ್ತು ನುಡಿಸುತ್ತಿರುವವರು ಬೇಕು.

ಉಣಕಲ್ ಕೆರೆ ದಂಡೆ:

ನಿಮ್ಮ ಪ್ರಶ್ನೆ ಓದಿ ಖುಷಿ ಆಯಿತು. ನಾನು ಗಿಟಾರ್ ನುಡಿಸುತ್ತೇನೆ, ಹದಿನೈದು ವರ್ಷದಿಂದ ಜಾಝ್ ಕೇಳುತ್ತಿದ್ದೇನೆ. ಸಮ್ ಇದೆ. ಯಾರೂ ಅದನ್ನು ಒತ್ತಿ ತೋರಿಸುವುದಿಲ್ಲ, ಅಷ್ಟೇ.

ಈಗಿನವರು ಬೇಕು ಅಂದಿರಿ, ಆದರೂ ಒಂದೇ ಒಂದು ಹಳೆಯದು ಕೇಳಲೇಬೇಕು. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ', 1959ರದ್ದು. ಅದರ ಮೊದಲ ಟ್ರ್ಯಾಕ್ 'ಸೋ ವಾಟ್', ಒಂಬತ್ತು ನಿಮಿಷ ಚಿಲ್ಲರೆ ಇದೆ. ನಿಮ್ಮಂಥ ತಬಲಾದವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಲೆಕ್ಕ ಹೇಳುತ್ತೇನೆ ನೋಡಿ. ಒಂದು ಸುತ್ತಿಗೆ 32 ಬಾರ್, ಒಂದು ಬಾರ್‌ಗೆ 4 ಮಾತ್ರೆ. ಒಟ್ಟು 128. ಅಂದರೆ ಸರಿಯಾಗಿ 16 ಮಾತ್ರೆಯ ತೀನ್‌ತಾಲದ 8 ಆವರ್ತನ. ಮೊದಲ 4 ಆವರ್ತನ ಒಂದು ಸಾ ಇಟ್ಟುಕೊಂಡು ನುಡಿಸುತ್ತಾರೆ. ಆಮೇಲೆ 2 ಆವರ್ತನ ಇಡೀ ಸಾ ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ. ಕೊನೆಯ 2 ಆವರ್ತನಕ್ಕೆ ಮತ್ತೆ ಕೆಳಗೆ, ಮೊದಲಿನ ಜಾಗಕ್ಕೆ. ಸುತ್ತು ಮುಗಿಯಿತು. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ.

ಶುರುವಿನಲ್ಲಿ ಪಿಯಾನೊ ಮತ್ತು ಬೇಸ್ ಸುಮ್ನೆ ಆಲಾಪದ ಥರ ಸ್ವಲ್ಪ ಹೊತ್ತು ನುಡಿಸುತ್ತವೆ, ಅದಕ್ಕೆ ಲೆಕ್ಕ ಹಾಕಬೇಡಿ. ಆಮೇಲೆ ಬೇಸ್ ಒಂದು ಮಾತು ಕೇಳಿದ ಹಾಗೆ ನುಡಿಸುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಅದು ಅವರ ಬಂದಿಶ್, ಅಂದರೆ ಮೂಲ ರಚನೆ, ಅಂದುಕೊಳ್ಳಿ. ಅದು ಮುಗಿದು ಮೈಲ್ಸ್ ಅವರ ಟ್ರಂಪೆಟ್ ಎದ್ದುಕೊಳ್ಳುವ ಹೊತ್ತಿಗೆ ಡ್ರಮ್ಮಿನ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಏಟು ಕೊಡುತ್ತಾರೆ, ಝಂಯ್ ಅಂತ, ಬಹಳ ಹೊತ್ತು ಗುಂಯ್‌ಗುಡುತ್ತದೆ. ಅದೇ ನಿಮ್ಮ ಸಮ್. ಅಲ್ಲಿಂದ ಎಣಿಸಲು ಶುರು ಮಾಡಿ. ಮೈಲ್ಸ್ 2 ಸುತ್ತು, ಜಾನ್ ಕೋಲ್ಟ್ರೇನ್ 2 ಸುತ್ತು, ಕ್ಯಾನನ್‌ಬಾಲ್ ಆಡರ್ಲಿ 2 ಸುತ್ತು, ಪಿಯಾನೊದ ಬಿಲ್ ಇವಾನ್ಸ್ 1 ಸುತ್ತು.

ನೀವು ಕೇಳಿದಿರಲ್ಲ, ನಡುವೆ ಏನಾಯಿತು ಅಂತ. ನಡುವೆ ಅದೇ ಸುತ್ತು ತಿರುಗುತ್ತಲೇ ಇತ್ತು. ಧಾಟಿ ಬಿಟ್ಟರೂ ಸುತ್ತು ಬಿಟ್ಟಿರುವುದಿಲ್ಲ. ಸ್ವರಗಳೂ ನಿಮಗೆ ಹೊಸವಲ್ಲ, ಕೋಮಲ ಗಂಧಾರ, ಕೋಮಲ ನಿಷಾದ, ಉಳಿದವೆಲ್ಲ ಶುದ್ಧ. ನಮ್ಮ ಕಾಫಿ ರಾಗವೇ.

ಈಗಿನವರಲ್ಲಿ ಕಮಾಸಿ ವಾಷಿಂಗ್ಟನ್ ಕೇಳಿ. ಲಾಸ್ ಏಂಜಲೀಸ್‌ನವರು. 2015ರಲ್ಲಿ 'ದಿ ಎಪಿಕ್' ಅಂತ ಮೂರು ಡಿಸ್ಕಿನ ಆಲ್ಬಮ್ ತಂದರು, ಹತ್ತಿರ ಹತ್ತಿರ ಮೂರು ಗಂಟೆ. ನಮ್ಮ ಬೈಠಕ್‌ಗಳಲ್ಲಿ ರಾತ್ರಿ ಇಡೀ ಕೂತವರಿಗೆ ಮೂರು ಗಂಟೆ ಜಾಸ್ತಿ ಅನಿಸಬಾರದು.

ಗದಗಿನ ಪೇಟಿ:

ಕೆರೆ ದಂಡೆಯವರ ಲೆಕ್ಕ ಪಕ್ಕಾ ಇದೆ. ಪೇಟಿ (ಹಾರ್ಮೋನಿಯಂ) ಮುಂದೆ ಇಟ್ಟುಕೊಂಡು ನಾನೂ ನೋಡಿದೆ. ಸಾ ಬಿಳಿ ಎರಡು, ಅಂದರೆ ಎರಡನೇ ಬಿಳಿ ಮನೆ; ಮಧ್ಯದ 2 ಆವರ್ತನಕ್ಕೆ ಕರಿ ಎರಡು. ಪೇಟಿ ಇರುವವರು ಬಿಳಿ ಎರಡನ್ನು ಒತ್ತಿ ಹಿಡಿದು ಟ್ರ್ಯಾಕ್ ಹಾಕಿ. ಮಧ್ಯ ಭಾಗ ಬಂದ ಕೂಡಲೇ ನಿಮ್ಮ ಸ್ವರ ಕರ್ಕಶ ಆಗುತ್ತದೆ. ಅಲ್ಲಿ ಬೆರಳು ಕರಿ ಎರಡಕ್ಕೆ ಸರಿಸಿದರೆ ಎಲ್ಲ ತಣ್ಣಗಾಗುತ್ತದೆ. ಒಮ್ಮೆ ಹೀಗೆ ಮಾಡಿದರೆ ಮತ್ತೆ ಮರೆಯುವುದಿಲ್ಲ.

ಆದರೆ ಒಂದು ಮಾತಿಗೆ ನನ್ನ ತಕರಾರಿದೆ. "ನಮ್ಮ ಕಾಫಿ ರಾಗವೇ" ಅನ್ನಬೇಡಿ. ಕಾಫಿ ಥಾಟಿನ, ಅಂದರೆ ಆ ಸ್ವರಗುಂಪಿನ, ಸ್ವರ ಹೌದು, ಕಾಫಿ ರಾಗ ಅಲ್ಲ. ರಾಗಕ್ಕೆ ಚಲನೆ ಇದೆ, ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು ಅಂತ ಇದೆ. ಅಲ್ಲಿ ಅದು ಯಾವುದೂ ಇಲ್ಲ. ನಾವು ಬೇರೆ ಸಂಗೀತ ಕೇಳಿದಾಗೆಲ್ಲ ಇದು ನಮ್ಮದೇ ಅಂತ ಎಳೆದುಕೊಂಡರೆ ಅವರು ಮಾಡಿದ್ದು ಕಿವಿಗೆ ಬೀಳುವುದೇ ಇಲ್ಲ. ತಂಬೂರಿ ಇಟ್ಟುಕೊಂಡು ಹಾಡುವ ನಮಗೆ ಸಾ ಅಲುಗಾಡುವುದಿಲ್ಲ. ಅವರು ಕಾಲ ಕೆಳಗಿನ ನೆಲವನ್ನೇ ಸರಿಸುತ್ತಾರೆ. ಬಹಳಷ್ಟು ಜಾಝ್‌ನಲ್ಲಿ ಎರಡೆರಡು ಬಾರ್‌ಗೆ ಒಮ್ಮೆ ಸರಿಯುತ್ತದೆ. ಆ ಸರಿಯುವುದರ ಮೇಲೆ ಕಲ್ಪನೆ ಕಟ್ಟುವುದೇ ಅವರ ಕಸುಬು.

ಇನ್ನೊಂದು ವ್ಯತ್ಯಾಸ ಸಾಥ್‌ನದ್ದು. ನಾನು ಇಪ್ಪತ್ತು ವರ್ಷ ಗಾಯಕರಿಗೆ ಪೇಟಿ ಸಾಥ್ ಕೊಟ್ಟಿದ್ದೇನೆ. ನನ್ನ ಕೆಲಸ ಅವರ ಹಿಂದೆ ನೆರಳಿನ ಹಾಗೆ ಹೋಗುವುದು. ಹಾಡುವವರು ಒಂದು ಎಳೆ ಬಿಟ್ಟರೆ ಅದನ್ನು ಹಿಡಿಯಬೇಕು, ಮುಂದೆ ಹೋಗಬಾರದು. ವಿಜಯ್ ಅಯ್ಯರ್ ಅವರ ಟ್ರಿಯೋ ಕೇಳಿದಾಗ ನನಗೆ ಮೊದಲು ಗಾಬರಿಯಾಯಿತು. 2021ರ 'ಅನ್‌ಈಸಿ' ಆಲ್ಬಮ್. ಪಿಯಾನೊ ಅಯ್ಯರ್, ಬೇಸ್ ಲಿಂಡಾ ಮೇ ಹಾನ್ ಓ, ಡ್ರಮ್ಸ್ ಟೈಶಾನ್ ಸೋರಿ. ಮುಂದೆ ಯಾರು, ಹಿಂದೆ ಯಾರು ಅಂತ ಹೇಳಲು ಬರುವುದಿಲ್ಲ. ಡ್ರಮ್ಮಿನವರು ಒಂದು ಏಟು ಬೇರೆ ಕೊಟ್ಟರೆ ಪಿಯಾನೊ ಅದಕ್ಕೆ ತಿರುಗುತ್ತದೆ. ಅಯ್ಯರ್ ಚಿಕ್ಕಂದಿನಲ್ಲಿ ವಯಲಿನ್ ಕಲಿತವರು, ಪಿಯಾನೊ ಹೆಚ್ಚಾಗಿ ತಾವೇ ಕಲಿತದ್ದು. ತಬಲಾ ಬೇಕು ಅಂದರೆ ಅವರದೇ 'ತೀರ್ಥ' ಇದೆ, 2011ರದ್ದು. ಗಿಟಾರ್ ಪ್ರಸನ್ನ, ತಬಲಾ ನಿತಿನ್ ಮಿಟ್ಟಾ.

ರುದ್ರೇಶ್ ಮಹಾಂತಪ್ಪ ಅವರನ್ನು ಬಿಡಬೇಡಿ. ಹೆಸರು ಕೇಳಿದರೇ ನಮ್ಮ ಕಡೆಯದು ಅನಿಸುತ್ತದೆ ಅಲ್ವಾ. ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುವಾಗ ಅವರ ಅಣ್ಣ ತಮಾಷೆಗೆ ಅಂತ ಕದ್ರಿ ಗೋಪಾಲನಾಥರ ರೆಕಾರ್ಡ್ ಕೊಟ್ಟರಂತೆ. ಕೇಳಿದವರು ಬೆರಗಾದರು. ಕೊನೆಗೆ ಕದ್ರಿಯವರ ಜೊತೆಯಲ್ಲೇ ಕೂತು 'ಕಿನ್ಸ್‌ಮೆನ್' ಮಾಡಿದರು, 2008ರಲ್ಲಿ ಬಂತು. ಎರಡೂ ಆಲ್ಟೊ ಸ್ಯಾಕ್ಸೊಫೋನ್. ಒಬ್ಬರು ಗಮಕದಲ್ಲಿ ಸ್ವರವನ್ನು ಬಗ್ಗಿಸುತ್ತಾರೆ, ಇನ್ನೊಬ್ಬರು ಚೂರಿಯ ಹಾಗೆ ಕತ್ತರಿಸುತ್ತಾರೆ. ಎರಡು ನಿಮಿಷ ಕೇಳಿದರೆ ಯಾರು ಯಾರು ಅಂತ ಗೊತ್ತಾಗುತ್ತದೆ. ಕರ್ನಾಟಕ ಮತ್ತು ಜಾಝ್ ಸಂಬಂಧ ಇದಕ್ಕಿಂತ ಹಳೆಯದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಚಾರ್ಲಿ ಮರಿಯಾನೊ ಅನ್ನುವ ಸ್ಯಾಕ್ಸೊಫೋನ್ ಕಲಾವಿದರು 1983ರಲ್ಲೇ 'ಜ್ಯೋತಿ' ಅಂತ ಮಾಡಿದ್ದಾರೆ. ಆರ್.ಎ. ರಮಾಮಣಿ ಅವರ ಕಂಠ ಇದೆ ಅದರಲ್ಲಿ.

ನಿಮ್ಮ ಲಂಡನ್ ತಂಡದ ಬಗ್ಗೆ ಒಂದು ವಿಷಯ, ಗದಗಿನವನಾಗಿ ನನಗೆ ಇದು ಬಹಳ ಮುಟ್ಟುತ್ತದೆ. ಅಲ್ಲಿ ಟುಮಾರೋಸ್ ವಾರಿಯರ್ಸ್ ಅಂತ ಒಂದು ಸಂಸ್ಥೆ ಇದೆ. ಗ್ಯಾರಿ ಕ್ರಾಸ್ಬಿ, ಜನೀನ್ ಐರನ್ಸ್ 1991ರಲ್ಲಿ ಕಟ್ಟಿದ್ದು. ದುಡ್ಡು ಕೊಟ್ಟು ಕಲಿಯಲು ಆಗದ ಮಕ್ಕಳಿಗೆ ಪುಕ್ಕಟೆ ಕಲಿಸುತ್ತಾರೆ. ಸನ್ಸ್ ಆಫ್ ಕೆಮೆಟ್‌ನ ಶಬಾಕಾ ಹಚಿಂಗ್ಸ್, ನುಬಿಯಾ ಗಾರ್ಸಿಯಾ, ಎಜ್ರಾ ಕಲೆಕ್ಟಿವ್‌ನ ಹುಡುಗರು, ಎಲ್ಲ ಅಲ್ಲಿ ಬೆಳೆದವರು. ಎಜ್ರಾ ಕಲೆಕ್ಟಿವ್ 2023ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು, ಅದನ್ನು ಗೆದ್ದ ಮೊದಲ ಜಾಝ್ ತಂಡ. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದ ಅಂಗಳದಲ್ಲಿ ಬೆಳಗಿನ ಜಾವ ಮಕ್ಕಳ ರಿಯಾಜ್ ಕೇಳಿದವರಿಗೆ ಇದು ಅರ್ಥವಾಗುತ್ತದೆ. ಕಣ್ಣು ಕಾಣದ ಮಕ್ಕಳು, ಬಡವರ ಮಕ್ಕಳು, ಒಂದು ಮೂಲೆಯಲ್ಲಿ ಪೇಟಿ, ಇನ್ನೊಂದು ಮೂಲೆಯಲ್ಲಿ ತಬಲಾ. ಊಟ, ಪಾಠ ಎರಡೂ ಅಲ್ಲೇ. ಕಲಿಸುವವರು ಬಾಗಿಲು ತೆರೆದಿಟ್ಟ ಕಡೆ ಸಂಗೀತ ಬೆಳೆದಿದೆ, ಲಂಡನ್ ಆದರೂ ಅಷ್ಟೇ, ಗದಗ ಆದರೂ ಅಷ್ಟೇ.

ಸಪ್ತಾಪುರ ಭಾವಿ ಹತ್ತಿರ:

ಒಂದು ತಿದ್ದುಪಡಿ ಅಲ್ಲ, ಹೊಸ ಸುದ್ದಿ. ಸನ್ಸ್ ಆಫ್ ಕೆಮೆಟ್ ಈಗ ನಡೆಯುತ್ತಿಲ್ಲ, ನಿಲ್ಲಿಸಿದರು. ಶಬಾಕಾ 2023ರ ಕೊನೆಗೆ ಸ್ಯಾಕ್ಸೊಫೋನ್ ಕೆಳಗಿಟ್ಟು ಕೊಳಲಿನ ಕಡೆ ಹೋದರು. ಜಪಾನಿನ ಶಾಕುಹಾಚಿ ಅನ್ನುವ ಬಿದಿರಿನ ಕೊಳಲು. ಅಷ್ಟು ಹೆಸರು ತಂದುಕೊಟ್ಟ ವಾದ್ಯ ಬಿಟ್ಟು ಉಸಿರಿನಿಂದ ಮತ್ತೆ ಕಲಿಯಲು ಕೂರುವುದು ಸಣ್ಣ ಮಾತಲ್ಲ. 2024ರಲ್ಲಿ ಬಂದ ಅವರ ಆಲ್ಬಮ್ ಕೇಳಿ, ಬಾನ್ಸುರಿ ಕೇಳಿದ ಕಿವಿಗೆ ಬೇಗ ಒಗ್ಗುತ್ತದೆ.

ಎದುರು ಕೂತು ಕೇಳಬೇಕು ಅಂದರೆ ನಮ್ಮ ಅವಳಿ ನಗರದಲ್ಲಿ ಕಷ್ಟ. ಬೆಂಗಳೂರಿಗೆ ರಾತ್ರಿ ಬಸ್ ಹಿಡಿಯಬೇಕು, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಜಾಝ್ ಇರುತ್ತದೆ. ನಾನು ಒಮ್ಮೆ ಬೇರೊಂದು ಊರಿನ ಹೋಟೆಲಿನಲ್ಲಿ ಕೇಳಲು ಹೋಗಿದ್ದೆ. ಜನ ಊಟ ಮಾಡುತ್ತಾ ಜೋರಾಗಿ ಮಾತಾಡುತ್ತಿದ್ದರು, ಬೇಸ್ ಸೋಲೋ ಒಂದು ಸ್ವರವೂ ಕೇಳಿಸಲಿಲ್ಲ. ನನಗೆ ಅಳು ಬಂತು. ಜಾಝ್ ಅಂದರೆ ಹೋಟೆಲಿನ ಹಿನ್ನೆಲೆ ಸದ್ದು ಅಂತ ನಮ್ಮಲ್ಲಿ ಆಗಿಬಿಟ್ಟಿದೆ. ನ್ಯೂ ಆರ್ಲಿಯನ್ಸ್‌ನ ಕಪ್ಪು ಜನ ಬೀದಿಯಲ್ಲಿ, ಮೆರವಣಿಗೆಯಲ್ಲಿ, ಹೆಣದ ಮುಂದೆ ನುಡಿಸಿ ಕಟ್ಟಿದ ಸಂಗೀತ ಅದು.

ಕ್ಲಾರಿನೆಟ್ ಹುಬ್ಬಳ್ಳಿ:

ಮೆರವಣಿಗೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿಯ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ನುಡಿಸುವವನು. 25 ವರ್ಷ ಆಯಿತು. ಬರೆದು ಅಭ್ಯಾಸ ಇಲ್ಲ.

ನ್ಯೂ ಆರ್ಲಿಯನ್ಸ್ ಬ್ಯಾಂಡಿನ ವಿಡಿಯೊ ಮಗಳು ತೋರಿಸಿದಳು. ನಡೆಯುತ್ತಾ ನುಡಿಸುತ್ತಾರೆ, ಹಿಂದೆ ಜನ ಕುಣಿಯುತ್ತಾರೆ. ಟ್ರಂಪೆಟ್ ಹಾಡು ಹಿಡಿದರೆ ಕ್ಲಾರಿನೆಟ್ ಅದರ ಮೇಲೆ ಬಳ್ಳಿ ಹಬ್ಬಿಸಿದ ಹಾಗೆ ಹೋಗುತ್ತದೆ. ನಾನೂ ಇದನ್ನೇ ಮಾಡುತ್ತೇನೆ, ಯಾರೂ ಹೇಳಿಕೊಟ್ಟದ್ದಲ್ಲ. ಮದುವೆ ಮೆರವಣಿಗೆ ದುರ್ಗದಬೈಲಿನಲ್ಲಿ ನಿಂತುಬಿಟ್ಟರೆ ವರನ ಗೆಳೆಯರು ಮುಂದೆ ಹೋಗಲು ಬಿಡುವುದಿಲ್ಲ. ಹಾಡು ಮುಗಿದಿರುತ್ತದೆ, ಕುಣಿತ ಮುಗಿದಿರುವುದಿಲ್ಲ. ಆಗ ಪಲ್ಲವಿ ಒಂದನ್ನೇ ಹಿಡಿದು ಹತ್ತು ಥರ ತಿರುಗಿಸಬೇಕು. ಡ್ರಮ್ಮಿನ ಹುಡುಗನ ಕಣ್ಣು ನೋಡುತ್ತಾ ಇರುತ್ತೇನೆ. ಅವನು ಕತ್ತು ಅಲ್ಲಾಡಿಸಿದರೆ ಮುಂದಿನ ಸುತ್ತಿಗೆ ಮುಗಿಸುತ್ತೇವೆ. ತಬಲಾ ತಮ್ಮಾ, ಎಲ್ಲಿ ಬಂದು ಸೇರಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆಯಲ್ಲ. ಸುತ್ತು ಮೈಯಲ್ಲಿ ಕೂತಿರುತ್ತದೆ, ಕಣ್ಣು ಒಬ್ಬರ ಮೇಲೊಬ್ಬರಿಗೆ ಇರುತ್ತದೆ.

ಈಗಿನವರಲ್ಲಿ ಅನತ್ ಕೊಹೆನ್ ಅಂತ ಇದ್ದಾರೆ, ಕ್ಲಾರಿನೆಟ್. ಅವರು ಊದುವಾಗ ಉಸಿರು ಎಲ್ಲಿ ತೆಗೆದುಕೊಂಡರು ಅಂತ ಹುಡುಕುತ್ತೇನೆ, ಸಿಗುವುದಿಲ್ಲ.

ಮಾಳಮಡ್ಡಿ ತಬಲಾ:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಯಾಕಂದರೆ ನಾಲ್ಕು ದಿನವೂ 'ಸೋ ವಾಟ್' ಒಂದನ್ನೇ ಕೇಳಿದೆ.

ಮೊದಲ ದಿನ ಬೆರಳಿನ ಗೆಣ್ಣು ಎಣಿಸುತ್ತಾ ಕೂತೆ. ಆ ಸಿಂಬಲ್ ಏಟಿನಿಂದ ಶುರು. ಮೈಲ್ಸ್ ಅವರ ಎರಡು ಸುತ್ತು ಸರಿಯಾಗಿ ಬಂತು. ಕೋಲ್ಟ್ರೇನ್ ಶುರುವಾದ ಮೇಲೆ ಮೂರನೇ ಆವರ್ತನದಲ್ಲಿ ಲೆಕ್ಕ ತಪ್ಪಿತು, ಅವರ ತಾನ್ ಹಿಂದೆ ಹೋಗಿಬಿಟ್ಟೆ. ಆದರೆ ಸ್ವಲ್ಪ ಹೊತ್ತಿಗೆ ಸಾ ಮೇಲಕ್ಕೆ ಸರಿಯಿತು. ಬೈರಿದೇವರಕೊಪ್ಪ ಹತ್ತಿರ ಇದ್ದೆ, ಮೈ ಜುಮ್ಮೆಂದಿತು. ಐದನೇ ಆವರ್ತನ! ಎಲ್ಲಿದ್ದೇನೆ ಅಂತ ಗೊತ್ತಾಯಿತು. ನಮ್ಮಲ್ಲಿ ಧಾ ಧಿಂ ಧಿಂ ಧಾ ಕೇಳಿ ಜಾಗ ಹಿಡಿಯುತ್ತೇವೆ, ಬಾಯಾಂ (ಎಡಗೈಯ ತಬಲಾ) ಸುಮ್ಮನಾದರೆ ಖಾಲಿಯ ಭಾಗ ಬಂತು ಅಂತ ತಿಳಿಯುತ್ತದೆ. ಅಲ್ಲಿ ಸ್ವರವೇ ಜಾಗ ತೋರಿಸುತ್ತದೆ. ಪೇಟಿಯವರು ನೆಲ ಸರಿಯುತ್ತದೆ ಅಂದದ್ದು ಇದೇ ಇರಬೇಕು.

ಭಾನುವಾರ ಗುರುಗಳಿಗೂ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಬೇಸ್ ತೋರಿಸಿ, "ಇವನು ನಗ್ಮಾ (ತಾಳದ ಸುತ್ತು ತೋರಿಸಲು ಮತ್ತೆ ಮತ್ತೆ ನುಡಿಸುವ ಧಾಟಿ) ಹಿಡಿದಿದ್ದಾನೆ, ಆದರೆ ಒಂದು ಸುತ್ತು ನುಡಿಸಿದ್ದನ್ನು ಇನ್ನೊಂದು ಸುತ್ತಿಗೆ ನುಡಿಸುವುದಿಲ್ಲ" ಅಂದರು. ಆಮೇಲೆ ಮತ್ತೊಮ್ಮೆ ಹಾಕು ಅಂದರು. ಈಗ ನಾನು ಬೇಸ್ ಬಿಟ್ಟು ಬೇರೆ ಏನನ್ನೂ ಕೇಳುತ್ತಿಲ್ಲ.

ಕ್ಲಾರಿನೆಟ್ ಅಣ್ಣಾ, ಮುಂದಿನ ಭಾನುವಾರ ಧಾರವಾಡಕ್ಕೆ ಬರುತ್ತೀರಾ? ಗುರುಗಳು ಕರೆದುಕೊಂಡು ಬಾ ಅಂದಿದ್ದಾರೆ. ಎಂಟು ಆವರ್ತನದ ಸುತ್ತು ನಾನು ಹಿಡಿಯುತ್ತೇನೆ. ಗದಗಿನ ಸರ್, ನೀವೂ ಬಂದರೆ ಪೇಟಿ ಇಲ್ಲೇ ಇದೆ.

ಕ್ಲಾರಿನೆಟ್ ಹುಬ್ಬಳ್ಳಿ:

ಬರುತ್ತೇನೆ. ಸಂಜೆ ಏಳಕ್ಕೆ ಮದುವೆ ಆರ್ಡರ್ ಇದೆ, ಹನ್ನೊಂದಕ್ಕೇ ಬಂದುಬಿಡುತ್ತೇನೆ. ಸಾ ಬಿಳಿ ಎರಡು ಅಂದರಲ್ಲ ಪೇಟಿ ಸರ್, ತಬಲಾ ಅದಕ್ಕೇ ಏರಿಸಿ ಇಡು. ಮಧ್ಯದ ಎರಡು ಆವರ್ತನ ನೀನು ಕದಲಬೇಡ, ಮೇಲಕ್ಕೆ ಹೋಗಿ ಬರುವುದು ನನ್ನ ಕೆಲಸ.