ಟೀ ಲಾಟೆಯ ‘ಲೈಟ್’: ತೆಳುವೋ, ಹಗುರವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಜಿಡ್ಡು ಕಡಿಮೆ ಇರುವ ಟೀ ಲಾಟೆಯನ್ನು (ಸೋಸಿದ ಟೀಯ ಮೇಲೆ ನೊರೆ ಬರಿಸಿದ ಬಿಸಿ ಹಾಲನ್ನು ಹೊಯ್ದ ಪಾನೀಯವನ್ನು) ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ನಮ್ಮ ಅತ್ತಿಗೆಯವರಿಗಾಗಿ ಕನ್ನಡದಲ್ಲಿ ಬರೆದುಕೊಡುವಾಗ ಎದುರಾದ ಪದದ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ತಲೆಬರಹದಲ್ಲಿ ನಾನು ‘ಲೈಟ್ ಟೀ ಲಾಟೆ’ ಎಂದು ಬರೆದಿದ್ದೆ. ಚಿಕ್ಕಮಗಳೂರಿನಲ್ಲೇ ಹುಟ್ಟಿ ಬೆಳೆದ ಅತ್ತಿಗೆ ಅದನ್ನು ಇಲ್ಲಿಯ ಹೋಟೆಲಿನ ಮಾತಿನಂತೆ ಓದಿಕೊಂಡು, ಡಿಕಾಕ್ಷನ್ ಇಳಿಸಿ ಗಟ್ಟಿ ಹಾಲನ್ನು ಇನ್ನಷ್ಟು ಸುರಿದರು. ನಮ್ಮಲ್ಲಿ ‘ಒಂದು ಲೈಟ್ ಟೀ’ ಎಂದರೆ ಡಿಕಾಕ್ಷನ್ ಕಡಿಮೆ, ಹಾಲು ಹೆಚ್ಚು ಎಂದೇ ಅರ್ಥ. ‘ಸ್ಟ್ರಾಂಗ್’ ಎಂದರೆ ಇದಕ್ಕೆ ತಿರುಗುಮುರುಗು. ನಾನು ಇಳಿಸಬೇಕೆಂದದ್ದು ಹಾಲಿನ ಜಿಡ್ಡನ್ನು, ಅವರು ಇಳಿಸಿದ್ದು ಟೀಯ ಕಡುಪನ್ನು. ಹೀಗಾಗಿ ಕಡಿಮೆಯಾಗಬೇಕಿದ್ದ ಜಿಡ್ಡು ಆ ಪದದ ದೆಸೆಯಿಂದಲೇ ಹೆಚ್ಚಾಯಿತು.

‘ಲಾಟೆ’ ಎಂಬುದು ಇಟಾಲಿಯನ್ ಭಾಷೆಯಲ್ಲಿ ಬರಿಯ ಹಾಲು. ಪದದ ಅರ್ಥವನ್ನಷ್ಟೇ ಹಿಡಿದರೆ ನಾವು ದಿನವೂ ಕುಡಿಯುವ ಹಾಲು ಹಾಕಿದ ಟೀಯೆಲ್ಲ ಲಾಟೆಯೇ ಆಗಬೇಕು. ಆದರೆ ಮಾಡುವ ಕ್ರಮ ಬೇರೆ. ನಮ್ಮ ಟೀಯಲ್ಲಿ ನೀರು, ಹಾಲು, ಪುಡಿ ಮೂರೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ; ಲಾಟೆಗೆ ಅರ್ಧ ಲೋಟ ಕುದಿನೀರಿನಲ್ಲಿ ಎರಡು ಚಮಚ ಪುಡಿಯನ್ನು ನಾಲ್ಕೈದು ನಿಮಿಷ ಮುಚ್ಚಿಟ್ಟು ಸೋಸಿಕೊಂಡು, ಬೇರೆಯಾಗಿ ಬಿಸಿ ಮಾಡಿದ ಹಾಲನ್ನು ಸಣ್ಣ ಕಡಗೋಲಿನಿಂದ ಕಡೆದು ನೊರೆ ಬರಿಸಿ, ಮೇಲೆ ಹೊಯ್ಯುತ್ತಾರೆ. ಇದು ಕಾಫಿ ಸೀಮೆಯ ನಮಗೆ ಹೊಸದೇನಲ್ಲ. ಡಿಕಾಕ್ಷನ್ ಬೇರೆ, ಹಾಲು ಬೇರೆ ಇಟ್ಟುಕೊಂಡು ಕಡೆಗೆ ಕೂಡಿಸುವುದಕ್ಕೆ ‘ಕಾಫಿ ಬೆರೆಸು’ ಎನ್ನುತ್ತೇವೆ, ಟೀಗಾದರೆ ‘ಕಾಯಿಸು’, ‘ಕುದಿಸು’ ಎನ್ನುತ್ತೇವೆ. ಆದ್ದರಿಂದ ಟೀ ಲಾಟೆಗೆ ‘ಬೆರೆಸಿದ ಟೀ’ ಎಂಬುದು ನನಗೆ ಬಹಳ ಹಿಡಿಸಿದೆ. ‘ಬೆರಕೆ’ ಎಂದರೆ ಮಾತ್ರ ಕಲಬೆರಕೆಯ ನೆರಳು ಬೀಳುತ್ತದೆ. ‘ನೊರೆಹಾಲಿನ ಟೀ’ ಎನ್ನೋಣವೆಂದರೆ, ನೊರೆಹಾಲು ಎಂಬ ಪದ ಆಗತಾನೇ ಕರೆದ ಹಾಲಿಗೆ ನಿಂತುಬಿಟ್ಟಿದೆ.

ಇನ್ನು ‘ಲೈಟ್’ ಎಂಬುದಕ್ಕೆ ಬರೋಣ. ‘ತಿಳಿ’ ಎಂಬುದು ತಿಳಿಸಾರು, ತಿಳಿನೀರುಗಳಲ್ಲಿ ಇರುವಂತೆ ಗಸಿಯಿಲ್ಲದೆ ಸ್ವಚ್ಛವಾಗಿರುವುದಕ್ಕೆ ಸಲ್ಲುತ್ತದೆ, ಹಾಲು ಬೆರೆತದ್ದಕ್ಕೆ ಒಗ್ಗುವುದಿಲ್ಲ. ‘ಸಪ್ಪೆ’ ರುಚಿಯ ದೋಷವನ್ನೇ ಹೇಳುತ್ತದೆ. ‘ತೆಳು ಹಾಲು’ ಎಂದೊಡನೆ ಕೇಳಿದವರ ಮನಸ್ಸು ನೀರು ಹಾಕಿದ ಹಾಲಿನ ಕಡೆಗೆ ಹೋಗುತ್ತದೆ. ಇಲ್ಲಿ ಬೇಕಾದದ್ದು ಅದಲ್ಲ: ಪೂರ್ಣ ಕೆನೆಯ ಹಾಲಿನಲ್ಲಿ ಶೇ. 6ರಷ್ಟು ಜಿಡ್ಡಿದ್ದರೆ ಟೋನ್ಡ್ ಹಾಲಿನಲ್ಲಿ ಶೇ. 3, ಡಬಲ್ ಟೋನ್ಡ್ ಹಾಲಿನಲ್ಲಿ ಶೇ. 1.5 ಇರುತ್ತದೆ, ಜಿಡ್ಡು ಇಳಿದರೂ ನೊರೆಯನ್ನು ಹಿಡಿದು ನಿಲ್ಲಿಸುವ ಪ್ರೋಟೀನು ಉಳಿದಿರುತ್ತದೆ. ಕೆನೆ ತೆಗೆದ ಹಾಲು ಹೆಚ್ಚು ನೊರೆ ಕೊಡುವುದೂ ಇದರಿಂದಲೇ. ಇಂಥದನ್ನು ‘ತೆಳು’ ಎನ್ನಲು ಮನಸ್ಸು ಒಪ್ಪುವುದಿಲ್ಲ.

‘ಹಗುರವಾದ ಊಟ’ ಎನ್ನುವಾಗ ನಾವು ತಟ್ಟೆಯ ತೂಕವನ್ನು ಹೇಳದೆ ಹೊಟ್ಟೆಗೆ ಭಾರವಾಗದಿರುವುದನ್ನು ಹೇಳುತ್ತೇವೆ. ಆ ಬಳಕೆಯ ಬಲದಿಂದ ‘ಹಗುರ ಹಾಲಿನ ಬೆರೆಸಿದ ಟೀ’ ಎಂದು ತಲೆಬರಹವನ್ನು ತಿದ್ದಿದ್ದೇನೆ. ‘ಹಗುರ’ವನ್ನು ಹಾಲಿಗೆ ಅಂಟಿಸಿದ್ದು ಬೇಕೆಂದೇ, ‘ಹಗುರ ಟೀ’ ಎಂದರೆ ಮತ್ತೆ ಹೋಟೆಲಿನ ಲೈಟ್ ಟೀಯೇ ಆಗುತ್ತದೆ.

ಈ ಪ್ರಯೋಗ ಕಿವಿಗೆ ಒಪ್ಪುತ್ತದೆಯೇ ಎಂದು ದಯವಿಟ್ಟು ತಿಳಿಸಿ. ಜೊತೆಗೆ, ಹಾಸನ, ಅರಸೀಕೆರೆ ಕಡೆಯಲ್ಲಿ ಹೈನು ಇರುವ ಮನೆಗಳವರು ಕೆನೆ ತೆಗೆದ ಹಾಲಿಗೆ ಒಂದೇ ಪದದ ಹೆಸರನ್ನು ಬಳಸುವುದನ್ನು ತಾವು ಕೇಳಿದ್ದರೆ, ಯಾವ ಊರಿನಲ್ಲಿ, ಯಾರ ಬಾಯಲ್ಲಿ ಕೇಳಿದಿರೆಂಬುದರೊಡನೆ ಬರೆಯಬೇಕೆಂದು ಕೋರುತ್ತೇನೆ.