ಮಾಣಿಯ 200 ಕಿಲೋಮೀಟರಿಗೆ ಅತ್ತೆಯ ಉತ್ತರ

ಮಾಣಿ, ನಿನ್ನ ಮೆಸೇಜ್ ರಾತ್ರಿಯೇ ನೋಡಿದ್ದೆ. ನವೆಂಬರಿನಿಂದ ತಿಂಗಳಿಗೊಂದು ಸಲ 200 ಕಿಲೋಮೀಟರ್, ಒಂದು ವರ್ಷ ಬಿಡದೆ ಸೈಕಲ್ ತುಳಿಯುದು, ಚಳಿಗಾಲದ ತಿಂಗಳೆಲ್ಲ ಗುಡ್ಡ-ಘಟ್ಟದ ದಾರಿಯೇ ಆಗ್ಬೇಕು, ಅತ್ತೆ ಎಂತ ಹೇಳ್ತೀರಿ ಅಂತ ಕೇಳಿದ್ದಿ. ಅದರ ಕೆಳಗೆ ಅಣ್ಣ “ಮನೆಯಲ್ಲಿ ಬೈಕ್ ಉಂಟಲ್ಲ” ಅಂತ ಹಾಕಿದ್ದಾನೆ. ಅತ್ತಿಗೆಯದ್ದು “ಚಳಿಗೆ ಕಫ ಕಟ್ತದೆ” ಅಂತ. ಮಾವನದ್ದು “ಬಹುಮಾನ ಎಷ್ಟು” ಅಂತ. ಇಷ್ಟಕ್ಕೆಲ್ಲ ಟೈಪ್ ಮಾಡ್ತಾ ಕೂತರೆ ಅಡಿಕೆ ಒಣಗಿ ಆಗ್ತದೆ, ಹಾಗಾಗಿ ವಾಯ್ಸಿನಲ್ಲೇ ಹೇಳ್ತೇನೆ. ಉದ್ದ ಆಗ್ತದೆ, ಪುರುಸೊತ್ತಿಲ್ಲದವರು ಸ್ಪೀಡ್ ಹೆಚ್ಚು ಮಾಡಿ ಕೇಳಿ.

ಮಾವ, ನಿಮ್ಮದು ಮೊದಲು ಮುಗಿಸ್ತೇನೆ. ಬಹುಮಾನ ಇಲ್ಲ. ಮೆಡಲ್ ಬೇಕಿದ್ದರೆ ಅದಕ್ಕೂ ನಾವೇ ದುಡ್ಡು ಕೊಡ್ಬೇಕು. ಹೊತ್ತು ಗೊತ್ತು ಮಾಡಿದ ಇಂಥ ದೂರದ ಸೈಕಲ್ ಸವಾರಿಗೆ ಬ್ರೆವೆ ಅಂತ ಹೇಳುದು, ಪ್ಯಾರಿಸಿನ ಆಡಾಕ್ಸ್ ಕ್ಲಬ್ಬಿನವರ ಕ್ರಮ. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾದವರ ಅಡಿಯಲ್ಲಿ ಊರೂರಿನ ಕ್ಲಬ್ಬುಗಳು ನಡೆಸ್ತವೆ. ಫಸ್ಟು, ಸೆಕೆಂಡು ಎಂತದೂ ಇಲ್ಲ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಅಷ್ಟರೊಳಗೆ ಬಂದು ಮುಟ್ಟಿದವರೆಲ್ಲ ಸಮ. ಎದೆಯುಬ್ಬಿಸಿ ಮಧ್ಯಾಹ್ನವೇ ಬಂದವನೂ ಒಂದೇ, ಕೊನೆಯ ನಿಮಿಷಕ್ಕೆ ಕುಂಟ್ತಾ ಬಂದವನೂ ಒಂದೇ. ನನಗೆ ಈ ಆಟದಲ್ಲಿ ಹಿಡಿಸಿದ್ದೇ ಅದು.

ಮಾಣಿ ಹೇಳುವ ಈ 12 ತಿಂಗಳ ಪಂದ್ಯ ಅವನ ತಲೆಯಿಂದ ಹುಟ್ಟಿದ್ದಲ್ಲ. ಅಮೇರಿಕದವರು ಅದನ್ನು ಆರ್-12 ಅಂತ ಕರೀತಾರೆ, ಬ್ರಿಟನ್ನಿನಲ್ಲಿ ರ‍್ಯಾಂಡನರ್ ರೌಂಡ್ ದ ಇಯರ್ ಅಂತ ಹೆಸರು. ಯಾವ ತಿಂಗಳಿನಿಂದ ಬೇಕಾದರೂ ಸುರು ಮಾಡ್ಬಹುದು, ಆದರೆ ಕ್ಯಾಲೆಂಡರಿನ ಸಾಲು 12 ತಿಂಗಳು, ಪ್ರತಿ ತಿಂಗಳೂ ಕಡಿಮೆಯೆಂದರೆ 200. ಒಂದು ತಿಂಗಳು ತಪ್ಪಿತೋ, ಪುನಃ ಒಂದರಿಂದ. ಒಂದು ವಿಷಯ ನಿನಗೆ ಮೊದಲೇ ಗೊತ್ತಿರಲಿ. ನಮ್ಮ ಕಡೆ ಎಲ್ಲ ತಿಂಗಳೂ ಹತ್ತಿರದ ಊರಿನಲ್ಲಿ ಬ್ರೆವೆ ಸಿಗ್ತದೆ ಅಂತ ಇಲ್ಲ. ಸಿಗದ ತಿಂಗಳು ನಿನ್ನದೇ ದಾರಿಯಲ್ಲಿ ತುಳಿದರೆ ಅದು ನಿನ್ನ ಡೈರಿಗೆ ಮಾತ್ರ ಸೇರುದು, ಅವರ ಪಟ್ಟಿಗಲ್ಲ. ಅದಕ್ಕೆ ಬೇಜಾರು ಇಲ್ಲದಿದ್ದರೆ ಮುಂದೆ ಕೇಳು.

ನೀನು ಕಳಿಸಿದ ವಿಡಿಯೋದಲ್ಲಿ ಆ ಬ್ರಿಟನ್ನಿನವರು ಗಡಗಡ ನಡುಗ್ತಾ ಹೋಗ್ತಾರಲ್ಲ, ಅವರ ಪಾಡು ಬೇರೆ. ಡಿಸೆಂಬರಿನಲ್ಲಿ ಲಂಡನಿನ ಹಗಲು 8 ಗಂಟೆ ತುಂಬುದಿಲ್ಲ, ಮೇಲಿಂದ ರಸ್ತೆಯಲ್ಲಿ ಐಸು. ಅವರಿಗೆ ಜನವರಿ ದಾಟಿದರೆ ಗೆದ್ದ ಹಾಗೆ. ನಮಗೆ ದಾಟ್ಬೇಕಾದದ್ದು ಜುಲೈ. ಕಾಸರಗೋಡಿನ ಮಳೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಹೊಯ್ದು ಮುಗೀತದೆ. ನವೆಂಬರಿನಲ್ಲಿ ಸುರು ಮಾಡಿದರೆ ನಿನ್ನ ಎಂಟು, ಒಂಬತ್ತು, ಹತ್ತನೇ ಸವಾರಿಗಳೆಲ್ಲ ಆ ಮಳೆಗೇ ಬಂತು. ಆಗ ಘಟ್ಟದ ಮಾತು ಎತ್ತುದೇ ಬೇಡ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಸಂಪಾಜೆ–ಮಡಿಕೇರಿ ರಸ್ತೆಯೇ ಬಂದ್ ಆದದ್ದು ಎಲ್ಲರಿಗೂ ನೆನಪುಂಟಲ್ಲ. ಹಾಗಾಗಿ ಗುಡ್ಡ ಹತ್ತುದನ್ನೆಲ್ಲ ಚಳಿಗಾಲಕ್ಕೆ ಇಟ್ಟದ್ದು ಸರಿ ಮಾಣಿ. ಧೈರ್ಯ ತೋರಿಸ್ಲಿಕ್ಕೆ ಅಂತ ಅಲ್ಲ, ನಮಗೆ ಗುಡ್ಡ ಹತ್ತಲಿಕ್ಕೆ ಆಗುದೇ ಆಗ.

ಆದರೆ ಮೊದಲ ತಿಂಗಳೇ ಮಡಿಕೇರಿ ಬೇಡ. ನೀನು ಘಟ್ಟ ಘಟ್ಟ ಅಂತಿದ್ದಿ, ನಮ್ಮ ಪದವುಗಳ, ಅಂದರೆ ಮೇಲೆ ಚಪ್ಪಟೆ ಇರುವ ಬೋಳು ಗುಡ್ಡಗಳ, ಲೆಕ್ಕ ಹಾಕಿದ್ದಿಯಾ? ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುದು. ಎರಡು ಹೊಳೆಯ ಮಧ್ಯ ಒಂದೊಂದು ಮುರಕಲ್ಲಿನ ಪದವು. ಸಂಕಕ್ಕೆ ಇಳಿ, ಪದವಿಗೆ ಹತ್ತು, ಪುನಃ ಇಳಿ, ಪುನಃ ಹತ್ತು. ಕಾರಿನಲ್ಲಿ ಹೋದರೆ ಗೇರ್ ಬದಲಿಸಿದ್ದೂ ಗೊತ್ತಾಗುದಿಲ್ಲ, ಸೈಕಲಿನಲ್ಲಿ ಪ್ರತಿಯೊಂದಕ್ಕೂ ಮೊಣಗಂಟು ಲೆಕ್ಕ ಕೇಳ್ತದೆ. ಮಲೆನಾಡ ಹೆದ್ದಾರಿ ಅಂತ ಮಾಡಿದ್ದಾರಲ್ಲ, ನಂದಾರಪದವಿನಿಂದ ಸುರು ಆಗಿ ಬದಿಯಡ್ಕ, ಮುಳ್ಳೇರಿಯ, ಬಂದಡ್ಕ ಆಗಿ ತೆಂಕಕ್ಕೆ ಹೋಗುದು, ಅದರಲ್ಲಿ ಒಮ್ಮೆ ಹೋಗಿ ಬಾ. ಘಟ್ಟದಲ್ಲಿ ಒಂದೇ ಸಮ ಏರು ಸಿಗ್ತದೆ, ಕಾಲು ಒಂದು ಲಯಕ್ಕೆ ಬೀಳ್ತದೆ. ಇಲ್ಲಿ ಲಯ ಹಿಡಿಯುವಷ್ಟರಲ್ಲಿ ಏರು ಮುಗ್ದು ಇಳಿಜಾರು, ಇಳಿಜಾರಿನ ಓಟ ಸಿಗುವಷ್ಟರಲ್ಲಿ ಕೆಳಗೆ ತಿರುವಿನಲ್ಲಿ ಹಂಪು. ನನ್ನ ಪ್ರಕಾರ ಇದು ಮಡಿಕೇರಿಗಿಂತ ಕಷ್ಟ, ಭಾವ ಇದನ್ನು ಒಪ್ಪುದಿಲ್ಲ, ಅವರು ತುಳಿದವರಲ್ಲ ಬಿಡು.

ಈಗ ಗಡಿಯಾರದ ಮಾತು. 13 ಗಂಟೆ 30 ನಿಮಿಷದಲ್ಲಿ 200 ಅಂದರೆ ಗಂಟೆಗೆ 15 ಕಿಲೋಮೀಟರ್ ಕೂಡ ಇಲ್ಲ, ಅದೆಂತ ಮಹಾ ಅಂತ ಕಾಣ್ತದೆ. ನಿಂತದ್ದೂ ಅದರಲ್ಲೇ ಸೇರಿತು ನೋಡು. ಚಾ, ಊಟ, ಪಂಕ್ಚರ್, ಫೋಟೋ ಎಲ್ಲ ಸೇರಿ ಎರಡೂವರೆ ಗಂಟೆ ಹೋದರೆ ಉಳಿದ 11 ಗಂಟೆಯಲ್ಲಿ ಗಂಟೆಗೆ 18ರ ಮೇಲೆ ಓಡ್ಬೇಕು. ಏರಿನಲ್ಲಿ ನಿನಗೆ 8 ಬಂದರೆ ಪುಣ್ಯ. ಹಾಗಾಗಿ ಉಳಿಸ್ಬೇಕಾದದ್ದು ಹೋಟೆಲಿನಲ್ಲಿ. ಗೋಳಿಬಜೆಗೆ ಆರ್ಡರ್ ಕೊಟ್ಟು, ಅದು ಬೇಯುವ ತನಕ ಮೊಬೈಲ್ ನೋಡ್ತಾ ಕೂತದ್ದು ಒಂದು ಗುಡ್ಡದಷ್ಟು ಸಮಯ ತಿನ್ತದೆ. ಗಂಟೆಗೆ ಎರಡು ಬಾಳೆಹಣ್ಣಿನಷ್ಟು ಹೊಟ್ಟೆಗೆ ಹೋಗ್ತಾ ಇರಲಿ, ಸೈಕಲಿನ ಮೇಲೆಯೇ ತಿನ್ನು. ಒಂದು ಬಾಟ್ಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಪುನರ್ಪುಳಿ ನೀರಿಗೆ ಬೆಲ್ಲ, ಉಪ್ಪು ಹಾಕಿ ಕೊಂಡು ಹೋಗು. ಅಂಗಡಿಯ ಪುಡಿಗಿಂತ ನನಗೆ ಇದೇ ಒಗ್ಗುದು.

ಹಗಲು ನಮ್ಮಲ್ಲಿ ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಯ ಹತ್ತಿರ. ಅಂದರೆ ಕೊಟ್ಟ ಸಮಯ ಪೂರ್ತಿ ತಗೊಳ್ಳುವವರು ಎರಡು ಗಂಟೆ ಕತ್ತಲೆಯಲ್ಲಿ ಹೋಗ್ಲೇಬೇಕು. ಆ ಎರಡು ಗಂಟೆ ಬೆಳಗ್ಗೆ ಕಳೀಲಿ, ಸಾಯಂಕಾಲ ಬೇಡ. 5 ಗಂಟೆಗೆ ಹೊರಟರೆ ಕತ್ತಲೆಗೆ ಮೈ ಹೊಸತು, ತಲೆ ಚುರುಕು. ಸಾಯಂಕಾಲ ಕಣ್ಣು ಸೋತಿರ್ತದೆ, ಇಳಿಜಾರಿನ ಹೊಂಡ ಕಾಣುದಿಲ್ಲ. ಮುಂದಿನ ಲೈಟು, ಹಿಂದಿನ ಕೆಂಪು ಲೈಟು, ಮಿನುಗುವ ಜಾಕೆಟ್ ಮೂರೂ ಬ್ರೆವೆಯಲ್ಲಿ ಕಡ್ಡಾಯ. ಡಿಸೆಂಬರ್, ಜನವರಿಯ ಬೆಳಗ್ಗೆ ಹೆದ್ದಾರಿ ಹಿಡಿದರೆ ಇನ್ನೊಂದು ಉಂಟು. ಮಕರ ಜ್ಯೋತಿಗೆ ಶಬರಿಮಲೆಗೆ ನಡೆದು ಹೋಗುವ ಸ್ವಾಮಿಗಳು ಕಪ್ಪು ಬಟ್ಟೆಯಲ್ಲಿ ರಸ್ತೆಯ ಬದಿಯಲ್ಲೇ ಇರ್ತಾರೆ, ತೀರ ಹತ್ತಿರ ಬರುವವರೆಗೆ ಕಾಣುದೇ ಇಲ್ಲ. ಬೆಲ್ ಬಾರಿಸ್ತಾ ನಿಧಾನ ಹೋಗು. ಮತ್ತೆ ಕಾರಡ್ಕ, ದೇಲಂಪಾಡಿ, ಮುಳಿಯಾರು ಕಡೆ ಆನೆ ತೋಟಕ್ಕೆ ಇಳಿಯುದು ಹೊಸ ಸಂಗತಿಯಲ್ಲ. ಆ ರಸ್ತೆಗೆ ಬೆಳಕು ಹರಿದ ಮೇಲೆಯೇ ಹೋಗುದು, ಇದರಲ್ಲಿ ಚರ್ಚೆ ಇಲ್ಲ.

ಅತ್ತಿಗೆ, ನಿಮ್ಮ ಕಫದ ಮಾತು ಪೂರ್ತಿ ತಪ್ಪಲ್ಲ. ಆದರೆ ಚಳಿ ಹಿಡಿಯುದು ಏರಿನಲ್ಲಿ ಅಲ್ಲ. ಏರು ಹತ್ತುವಾಗ ಬನಿಯಾನು ಬೆವರಿ ಚಂಡಿ ಆಗ್ತದೆ, ಅದೇ ಚಂಡಿಯಲ್ಲಿ ಇಳಿಜಾರಿಗೆ ಬಿಟ್ಟರೆ ಗಾಳಿ ಎದೆಗೆ ಹೊಡೆದು ಹಲ್ಲು ಕಟಕಟ ಅಂತದೆ. ಮಡಿಕೇರಿ ಸಾವಿರ ಮೀಟರಿಗಿಂತ ಮೇಲೆ ಇರುದು, ಜನವರಿಯ ಬೆಳಗ್ಗೆ 10–12 ಡಿಗ್ರಿಗೆ ಇಳಿಯುವ ದಿನಗಳುಂಟು. ಅದೇ ದಿನ ಮಧ್ಯಾಹ್ನ ನಮ್ಮ ಬೋಳು ಪದವಿನಲ್ಲಿ 33 ಡಿಗ್ರಿ ಬಿಸಿಲು. ದಪ್ಪ ಜಾಕೆಟ್ ತರಿಸಿದರೆ ಹತ್ತು ಗಂಟೆಯ ಮೇಲೆ ಅದನ್ನು ಹೊರುದೇ ಒಂದು ಕೆಲಸ. ಅದರ ಬದಲು ಒಂದು ಒಣ ಬನಿಯಾನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಕಿಸೆಯಲ್ಲಿ ಇಡು. ಮೇಲೆ ತಲುಪಿದ ಕೂಡ್ಲೆ, ಚಾಕ್ಕಿಂತ ಮೊದಲು ಬದಲಿಸು. ಮತ್ತೆ ಎರಡು ಹಾಳೆ ಪೇಪರ್ ನಾಲ್ಕು ಮಡಿಕೆ ಮಾಡಿ ಜೆರ್ಸಿಯ ಒಳಗೆ ಎದೆಗೆ ಅಡ್ಡ ಇಟ್ಟುಕೊ. ಯುರೋಪಿನ ರೇಸಿನವರು ಆಲ್ಪ್ಸ್ ಬೆಟ್ಟದಿಂದ ಇಳಿಯುವಾಗ ಮಾಡ್ತಿದ್ದದ್ದು ಅದನ್ನೇ. ಸುರುವಿಗೆ ಬರಬರ ಶಬ್ದ ಆಗ್ತದೆ, ಸ್ವಲ್ಪ ಹೊತ್ತಿಗೆ ಮೈಗೆ ಅಂಟಿ ಮೆತ್ತಗೆ ಆಗ್ತದೆ, ಗಾಳಿ ಒಳಗೆ ಬರುದಿಲ್ಲ. ಕೆಳಗೆ ತಲುಪಿ ತೆಗೆದು ನೋಡಿದರೆ ನಿಧನ ವಾರ್ತೆಯ ಶಾಯಿ ಬನಿಯಾನಿಗೆ ಹತ್ತಿರ್ತದೆ. ಅದು ಹೋಗ್ಲಿಕ್ಕೆ ಎರಡು ಒಗೆತ ಬೇಕು, ಅಷ್ಟೆ.

ಸೈಕಲಿಗೆ ಹೆಚ್ಚು ದುಡ್ಡು ಸುರೀಬೇಡ. ಹಿಂದಿನ ದೊಡ್ಡ ಗೇರು 34 ಹಲ್ಲಿನದ್ದು ಹಾಕಿಸು, ಮುಂದೆ ಸಣ್ಣದು 34 ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು, ಸಂಪಾಜೆಯನ್ನು ಕೂತಲ್ಲಿಂದಲೇ ಹತ್ತಬಹುದು. ಬ್ರೇಕ್ ಪ್ಯಾಡ್ ಹೊಸತು ಇರಲಿ. ಇಳಿಯುವಾಗ ಬ್ರೇಕ್ ಹಿಡಿದೇ ಇರುದಲ್ಲ, ತಿರುವಿನ ಮೊದಲು ಗಟ್ಟಿ ಹಿಡಿದು ಬಿಡುದು.

ದಾರಿ ನಾನು ಹಾಕುದಾದರೆ ಹೀಗೆ. ನವೆಂಬರಿನಲ್ಲಿ ನಮ್ಮ ಪದವುಗಳೇ: ಪೆರ್ಲ, ಬಾಯಾರು, ವರ್ಕಾಡಿ, ತಿರುಗಿ ಮುಳ್ಳೇರಿಯ ಕಡೆ, 200 ತುಂಬುವ ತನಕ. ಡಿಸೆಂಬರಿನಲ್ಲಿ ಜಾಲ್ಸೂರು, ಸುಳ್ಯ ಆಗಿ ಸಂಪಾಜೆ ಘಟ್ಟ ಹತ್ತಿ, ಬಂದ ದಾರಿಯಲ್ಲೇ ಹಿಂದೆ. ಬಂದದ್ದೇ ದಾರಿ ಅಂದರೆ ಹೊಂಡ ಎಲ್ಲಿ, ಅಂಗಡಿ ಎಲ್ಲಿ ಅಂತ ಗೊತ್ತಿರ್ತದೆ. ಜನವರಿ ಅಥವಾ ಫೆಬ್ರವರಿಗೆ ದೊಡ್ಡ ಸುತ್ತು: ಕಾಸರಗೋಡಿನಿಂದ ಬೇಕಲ, ಹೊಸದುರ್ಗ (ನಮ್ಮ ಕಾಞಂಗಾಡ್), ಅಲ್ಲಿಂದ ಪಾಣತ್ತೂರು, ಕರಿಕೆ ಕಾಡಿನೊಳಗೆ ಹತ್ತಿ ಭಾಗಮಂಡಲ, ಮಡಿಕೇರಿ, ಸಂಪಾಜೆ ಇಳಿದು ಸುಳ್ಯ, ಚೆರ್ಕಳ. ಅದು 200 ದಾಟಿ ಹೋಗ್ತದೆ, ಆದರೆ ಅದರಷ್ಟು ಚಂದದ ದಾರಿ ಈ ಕಡೆ ಇಲ್ಲ. ಕರಿಕೆಯ ಏರಿನಲ್ಲಿ ಮಾತಾಡ್ಲಿಕ್ಕೂ ಜನ ಸಿಗುದಿಲ್ಲ, ಅಂಗಡಿಯೂ ಅಪರೂಪ, ಪಾಣತ್ತೂರಿನಲ್ಲೇ ಹೊಟ್ಟೆಗೂ ಬಾಟ್ಲಿಗೂ ತುಂಬಿಸಿಕೊ. ಜೂನಿನ ನಂತರ ಚಂದ್ರಗಿರಿ ಸಂಕದಿಂದ ಉದುಮ, ಬೇಕಲ, ಹೊಸದುರ್ಗದ ಕರಾವಳಿ ರಸ್ತೆ ಹಿಡಿದು ಅಲ್ಲೇ ಹೋಗಿ ಬಂದು ಮಾಡು. ಬೇಜಾರಿನ ಸವಾರಿ, ಆದರೆ ಗುಡ್ಡ ತಲೆಗೆ ಬೀಳುದಿಲ್ಲ. ಮತ್ತೆ ಯಾವ ತಿಂಗಳದ್ದೂ ಕೊನೆಯ ಆದಿತ್ಯವಾರಕ್ಕೆ ಇಡ್ಬೇಡ. ಮೊದಲ ವಾರವೇ ಮುಗಿಸು. ಜ್ವರ, ಮದುವೆ, ಹರತಾಳ ಇವೆಲ್ಲ ಬರುದು ಯಾವಾಗಲೂ ತಿಂಗಳ ಕೊನೆಗೇ.

ನಮ್ಮ ಹುಡುಗಿಯರೂ ಬರ್ತೇವೆ ಅಂತ ಬೇರೆ ಹೇಳಿದ್ದಾರಲ್ಲ, ಅವರಿಗೆ ಒಂದು ಮಾತು. ದಾರಿ ನೋಡುವಾಗ ಮೊದಲು ಪೆಟ್ರೋಲ್ ಬಂಕ್ ಎಲ್ಲೆಲ್ಲಿ ಉಂಟು ಅಂತ ಗುರುತು ಹಾಕಿಕೊಳ್ಳಿ. ಶೌಚಾಲಯಕ್ಕೆ ಬೇರೆ ಗತಿ ಇಲ್ಲ, ಅದಕ್ಕೆ ಹೆದರಿ ನೀರು ಕುಡಿಯುದು ಬಿಟ್ಟರೆ ಮಧ್ಯಾಹ್ನದ ಬಿಸಿಲಿಗೆ ತಲೆ ತಿರುಗ್ತದೆ. ಅವರು 100 ಕಿಲೋಮೀಟರಿನಿಂದ ಸುರು ಮಾಡಲಿ, ಅಮೇರಿಕದಲ್ಲಿ ಅದಕ್ಕೂ ಪಿ-12 ಅಂತ ಬೇರೆಯೇ ಲೆಕ್ಕ ಉಂಟು.

ಅಣ್ಣ, ನೀನು ಕಾರು ತಗೊಂಡು ಮಾಣಿಯ ಹಿಂದೆ ಹಿಂದೆ ಬರ್ತೇನೆ ಅಂತ ಹೊರಡ್ತಿ ಅಂತ ನನಗೆ ಗೊತ್ತುಂಟು. ಬ್ರೆವೆಯಲ್ಲಿ ಅದಕ್ಕೆ ಬಿಡುದಿಲ್ಲ, ಕಂಟ್ರೋಲ್ ಅಂತ ಗುರುತು ಮಾಡಿದ ಜಾಗದಲ್ಲಿ ಮಾತ್ರ ಹೊರಗಿನವರು ಸಹಾಯ ಮಾಡ್ಬಹುದು. ನವೆಂಬರಿನ ಸವಾರಿ ನಮ್ಮದೇ, ಅದರಲ್ಲೂ ಅದೇ ನಿಯಮ ಇಡುವ. ಮುಳ್ಳೇರಿಯ ಪೇಟೆಯಲ್ಲಿ ಒಂದು ಕಂಟ್ರೋಲ್ ಹಾಕ್ತೇನೆ, ಅಲ್ಲಿ ನೀನು ಫ್ಲಾಸ್ಕಿನಲ್ಲಿ ಚಾ, ಅತ್ತಿಗೆ ಮಾಡಿದ ಅವಲಕ್ಕಿ ಹಿಡ್ಕೊಂಡು ನಿಲ್ಲು. ಅವನು ಏಳು ನಿಮಿಷಕ್ಕಿಂತ ಹೆಚ್ಚು ಕೂತರೆ ಎಬ್ಬಿಸಿ ಓಡ್ಸುದು ನಿನ್ನ ಕೆಲಸ. ಮಾಣಿ, ಹಿಂದಿನ ಗೇರು ಬದಲಿಸಿ ಆದ ಮೇಲೆ ಒಂದು ಫೋಟೋ ಹಾಕು.